ಮ್ಯಾಗಜೀನಿಗೆ ನೂರು ತೂತು

ಪೊಲೀಸ್ ಇಲಾಖೆಯಲ್ಲಿ ನಾನು ಆರ್ಮರರ್ ಆಗಿದ್ದೆ. ಅಂದರೆ ಬಂದೂಕು, ಪಿಸ್ತೂಲುಗಳ ರಿಪೇರಿಯವನು. ಈ ಕೆಲಸಕ್ಕೆ ಹೊಸದಾಗಿ ಸೇರುವವರನ್ನು ತರಬೇತಿಯಲ್ಲಿ ‘ನೀವು ಆಯುಧಗಳ ವೈದ್ಯರು’ ಎಂದು ಉಬ್ಬಿಸಿ ಕಳುಹಿಸುತ್ತಾರೆ. ನನ್ನನ್ನೂ ಹಾಗೆಯೇ ಕಳುಹಿಸಿದ್ದರು. ನಂಬಬೇಡಿ. ಮೂವತ್ತು ವರ್ಷ ಮೀರಿದ ಸೇವೆಯಲ್ಲಿ ನಾನು ಅತಿ ಹೆಚ್ಚು ರಿಪೇರಿ ಮಾಡಿದ್ದು ಠಾಣೆಗಳ ಬೀರುವಿನ ಬೀಗ. ಎರಡನೆಯ ಸ್ಥಾನ ಸಾಹೇಬರುಗಳ ಮನೆಯ ಮಿಕ್ಸಿಗೆ. ಪಿಸ್ತೂಲು ಅದರ ನಂತರ ಬರುತ್ತದೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕು ನನ್ನ ಪಾಲಿಗೆ ಬಂದಿದ್ದವು. ಜೀಪು ಸಿಕ್ಕರೆ ಜೀಪು, ಇಲ್ಲದಿದ್ದರೆ ಪ್ರೈವೇಟ್ ಬಸ್ಸು. ತೊಡೆಯ ಮೇಲೆ ಸಾಮಾನಿನ ಕಬ್ಬಿಣದ ಪೆಟ್ಟಿಗೆ. ಪಾವಗಡದ ಕಡೆಯ ಕಂಡಕ್ಟರೊಬ್ಬ ಹನ್ನೆರಡು ವರ್ಷ ನನ್ನನ್ನು ಗ್ಯಾಸ್ ಸ್ಟೌ ರಿಪೇರಿಯವನೆಂದೇ ತಿಳಿದಿದ್ದ. “ಏಂ ಸಾರ್, ನಮ್ಮನೆ ಒಲೇನೂ ಒಂದ್ಸಲ ನೋಡ್ಕೊಡಿ ಸಾರ್, ಒಂದು ಬರ್ನರ್ ಹತ್ತಂಗೇ ಇಲ್ಲ” ಎಂದು ಪ್ರತಿ ಸಲ ಕೇಳುತ್ತಿದ್ದ. ಕೊನೆಗೊಂದು ದಿನ ಹೋಗಿ ನೋಡಿಕೊಟ್ಟೆ.

ಬಡ್ತಿ, ಪದಕಗಳ ಮಾತು ಇಲ್ಲಿ ಬೇಡ. ಸೇವೆಯ ಕೊನೆಯ ವರ್ಷಗಳಲ್ಲಿ ನಡೆದ ಒಂದು ತೂತಿನ ಪ್ರಕರಣ ಹೇಳುತ್ತೇನೆ. ಈ ಕೆಲಸ ನಿಜವಾಗಿ ಹೇಗಿರುತ್ತದೆ ಎಂಬುದು ಅದೊಂದರಲ್ಲೇ ತಿಳಿಯುತ್ತದೆ.

ಪಿಸ್ತೂಲಿನ ಹಿಡಿಯೊಳಗೆ ಕೂರುವ, ಗುಂಡು ತುಂಬುವ ಉದ್ದನೆಯ ತಗಡಿನ ಡಬ್ಬಿಗೆ ಮ್ಯಾಗಜೀನ್ ಎನ್ನುತ್ತಾರೆ. ನಾನು ಮ್ಯಾಗಜೀನಿಗೆ ತೂತು ಕೊರೆಯುತ್ತಿದ್ದೇನೆ ಎಂದಾಗ ನನ್ನ ಹೆಂಡತಿ ವಾರಪತ್ರಿಕೆ ಎಂದುಕೊಂಡು, “ಓದೋಕೆ ಬೇಡ್ವಾದ್ರೆ ಇಲ್ಲಿ ತನ್ನಿ” ಎಂದಿದ್ದಳು. ಅದಲ್ಲ. ಈ ಡಬ್ಬಿಯ ತಳದಲ್ಲಿ ಸ್ಪ್ರಿಂಗು, ಅದರ ಮೇಲೊಂದು ಪುಟ್ಟ ಹಲ್ಲೆ, ಅಂದರೆ ಗುಂಡು ಹೊರುವ ತಗಡಿನ ಬಿಲ್ಲೆ, ಹಲ್ಲೆಯ ಮೇಲೆ ಗುಂಡುಗಳು. ಸ್ಪ್ರಿಂಗು ಕೆಳಗಿನಿಂದ ಒತ್ತುತ್ತಿರುತ್ತದೆ, ಗುಂಡುಗಳು ಒಂದೊಂದಾಗಿ ಮೇಲೆ ಬರುತ್ತವೆ. ನಮ್ಮ ಹಳೆಯ ಮ್ಯಾಗಜೀನುಗಳು ನಾಲ್ಕೂ ಕಡೆ ಮುಚ್ಚಿದ್ದವು. ಒಳಗೆ ಎಷ್ಟು ಗುಂಡಿವೆ ಎಂದು ತಿಳಿಯಬೇಕಾದರೆ ಎಲ್ಲವನ್ನೂ ಹೊರಗೆ ತೆಗೆದು ಎಣಿಸಬೇಕಿತ್ತು.

ಪಾವಗಡ ತಾಲ್ಲೂಕಿನ ಒಂದು ಠಾಣೆ. ಯಾವುದೆಂದು ಹೇಳುವುದಿಲ್ಲ. ಅಲ್ಲಿ ಆಯುಧ ಕೊಠಡಿಯ ಕೀಲಿ ಹನುಮಕ್ಕ ಎಂಬ ಹೆಡ್ ಕಾನ್‌ಸ್ಟೇಬಲ್ ಅವರ ಬಳಿ ಇತ್ತು. ಕುರಿ ಕಾಯುವ ಮನೆತನದ ಹೆಣ್ಣುಮಗಳು, ಎಣಿಕೆಯಲ್ಲಿ ಬಹಳ ಕಟ್ಟುನಿಟ್ಟು. ದಿನಾ ಬೆಳಿಗ್ಗೆ ಕಂಬಳಿ ಹಾಸಿ, ಮ್ಯಾಗಜೀನುಗಳನ್ನೆಲ್ಲ ಖಾಲಿ ಮಾಡಿ, ಗುಂಡುಗಳನ್ನು ಹತ್ತರ ಸಾಲಿನಲ್ಲಿ ಜೋಡಿಸಿ ಎಣಿಸುತ್ತಿದ್ದರು. ಎಣಿಸುವಾಗ ಯಾರಾದರೂ ಮಾತನಾಡಿದರೆ ಇನ್‌ಸ್ಪೆಕ್ಟರಾದರೂ ಸರಿ, ಬೆರಳೆತ್ತಿ ಸುಮ್ಮನಿರಿಸುತ್ತಿದ್ದರು.

ನಾನು ಬೀರುವಿನ ಬೀಗ ರಿಪೇರಿಗೆಂದು ಅಲ್ಲಿಗೆ ಹೋದ ದಿನ ಠಾಣೆಯ ಮುಂದಿನ ಅಂಗಳವನ್ನು ಮೊಣಕಾಲುದ್ದ ಅಗೆದುಹಾಕಿದ್ದರು. ಒಂದು ಗುಂಡು ಕಾಣೆಯಾಗಿ ಎರಡು ದಿನವಾಗಿತ್ತು.

ಪೊಲೀಸರಲ್ಲಿ ಒಂದು ಗುಂಡು ಕಳೆಯುವುದೆಂದರೆ ಏನೆಂದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಜೀಪು ಕಳೆದರೂ ವಿವರಣೆ ಕೊಡಬಹುದು. ಗುಂಡು ಕಳೆದರೆ ಅದು ಯಾರ ಕೈಗೆ ಸಿಕ್ಕಿತು, ಯಾರ ಎದೆಗೆ ಹೋಗುತ್ತದೆ ಎಂಬ ಪ್ರಶ್ನೆ ಏಳುತ್ತದೆ. ಕೀಲಿ ಇಟ್ಟುಕೊಂಡವರು ಸಸ್ಪೆಂಡ್. ಸಾಯಂಕಾಲದೊಳಗೆ ಗುಂಡು ಸಿಗದಿದ್ದರೆ ಮೇಲಕ್ಕೆ ವರದಿ ಕಳಿಸುತ್ತೇನೆಂದು ಸಬ್ ಇನ್‌ಸ್ಪೆಕ್ಟರ್ ಪ್ರಸನ್ನ ಹೇಳಿದ್ದರು. ಅವರಿಗೂ ಮನಸ್ಸಿರಲಿಲ್ಲ. ಪಾಪ, ಅವರೇ ಚರಂಡಿಗೆ ಇಳಿದು ಕೈ ಹಾಕಿ ಹುಡುಕಿದ್ದರು.

ಹುಡುಕಾಟದ ಕತೆಯೇ ಬೇರೆ. ಎಲ್ಲಿಂದಲೋ ಲೋಹ ಪತ್ತೆಯ ಯಂತ್ರ ತರಿಸಿದರು. ಅದು ಅಂಗಳದಲ್ಲಿ ಎತ್ತಿನ ಎರಡು ಲಾಳ, ಸೋಡಾ ಮುಚ್ಚಳಗಳು ಮತ್ತು ಹಿಂದಿನ ಸಾಹೇಬರ ಮನೆಯವರು ಕಳೆದುಕೊಂಡು ಕೆಲಸದವಳ ಮೇಲೆ ಅನುಮಾನಪಟ್ಟಿದ್ದ ಬೆಳ್ಳಿ ಚಮಚವನ್ನು ಪತ್ತೆ ಮಾಡಿತು. ಪೊಲೀಸ್ ನಾಯಿ ಬಂತು. ಅದು ಮೂಸಿ ಮೂಸಿ ನೇರವಾಗಿ ಕಾನ್‌ಸ್ಟೇಬಲ್ ಓಬಳೇಶನ ಬ್ಯಾಗಿನ ಮುಂದೆ ಕೂತು ಬೊಗಳಿತು. ಎಲ್ಲರೂ ಮುತ್ತಿಕೊಂಡು ಬ್ಯಾಗು ಬಿಚ್ಚಿದರೆ ಒಳಗೆ ಕೋಳಿಸಾರಿನ ಡಬ್ಬಿ. ಅವತ್ತು ಶನಿವಾರ. ಶನಿವಾರ ತಾನು ಮಾಂಸ ಮುಟ್ಟುವುದಿಲ್ಲ ಎಂದು ಓಬಳೇಶ ಠಾಣೆಗೆಲ್ಲ ಹೇಳಿಕೊಂಡಿದ್ದ.

ನನ್ನನ್ನು ಕಂಡದ್ದೇ ಹನುಮಕ್ಕ, “ನಾಗಣ್ಣ, ಬೀಗ ಆಮ್ಯಾಕೆ ಮಾಡುವಂತೆ. ನನ್ ನೌಕ್ರಿನೇ ಹೋಯ್ತು ಕಣಣ್ಣ” ಎಂದರು. ಕಣ್ಣು ಊದಿಕೊಂಡಿತ್ತು.

“ಖಾಲಿ ಮ್ಯಾಗಜೀನ್ ನೋಡಿದ್ರಾ?” ಎಂದೆ.

“ಬಗ್ಗಿ ನೋಡಿವ್ನಿ, ಅಲ್ಲಾಡ್ಸಿ ನೋಡಿವ್ನಿ. ಒಂದ್ರಾಗೂ ಸದ್ದೇ ಇಲ್ಲ.”

ಮೂರು ಖಾಲಿ ಮ್ಯಾಗಜೀನು ತಂದಿಟ್ಟರು. ಎರಡರಲ್ಲಿ ಹಲ್ಲೆ ಬಾಯಿಯ ಹತ್ತಿರವೇ ಇತ್ತು. ಖಾಲಿ ಇದ್ದರೆ ಸ್ಪ್ರಿಂಗು ಅದನ್ನು ಪೂರ್ತಿ ಮೇಲಕ್ಕೆ ತಳ್ಳಿರಬೇಕು. ಮೂರನೆಯದರ ಬಾಯಿ ಮಾತ್ರ ಕತ್ತಲೆ. ಹಲ್ಲೆ ಎಲ್ಲಿದೆ ಎಂದೇ ಕಾಣುತ್ತಿರಲಿಲ್ಲ. ತಳದ ಮುಚ್ಚಳ ಸರಿಸಿದೆ. ಸ್ಪ್ರಿಂಗು ಚಂಗನೆ ಹಾರಿ ಪ್ರಸನ್ನರ ಟೋಪಿಗೆ ಬಡಿಯಿತು. ಅದರ ಹಿಂದೆಯೇ ಅಂಟು ಅಂಟಾದ ಒಂದು ಗುಂಡು ನನ್ನ ಅಂಗೈಗೆ ಬಿತ್ತು.

ಹನುಮಕ್ಕ ಆ ಗುಂಡನ್ನು ಕೈಗೆ ತೆಗೆದುಕೊಂಡು, ಮನೆ ಬಿಟ್ಟು ಹೋಗಿ ಮರಳಿ ಬಂದ ಮಗನನ್ನು ಬಯ್ಯುವಂತೆ ಬೈದರು. “ಎಲ್ಲಿ ಸತ್ತಿದ್ಯೋ ಬೇವರ್ಸಿ! ಎಲ್ಡು ದಿನ ಕರೀತಾ ಇದ್ರೆ ಓ ಅನ್ನಬಾರ್ದಾ?”

ಆಗಿದ್ದಿಷ್ಟು. ತುಕ್ಕು ಹಿಡಿಯಬಾರದೆಂದು ಓಬಳೇಶ ಆ ಮ್ಯಾಗಜೀನಿಗೆ ಹರಳೆಣ್ಣೆ ಸುರಿದಿದ್ದ. ಪಾವಗಡದ ಧೂಳು ಸೇರಿ ಎಣ್ಣೆ ಗೋಂದಾಯಿತು. ಮೇಲಿನ ಒಂಬತ್ತು ಗುಂಡು ಹೊರಬಂದವು, ಹತ್ತನೆಯದು ಹಲ್ಲೆಯ ಸಮೇತ ತಳದ ಹತ್ತಿರ ಅಂಟಿಕೊಂಡಿತು. “ತಲೆಗೆ ತಂಪು ಅಂತಾರಲ್ಲ ಸಾರ್, ಪಿಸ್ತೂಲ್‌ಗೂ ಮಂಚಿದಿ ಅಂದ್ಕೊಂಡೆ” ಎಂದ ಓಬಳೇಶ. ಪಾವಗಡದ ಕಡೆಯ ತೆಲುಗಿನಲ್ಲಿ ಮಂಚಿದಿ ಎಂದರೆ ಒಳ್ಳೆಯದು.

ಹೊರಡುವಾಗ ಹನುಮಕ್ಕ ಒಂದು ಮಾತು ಹೇಳಿದರು. “ಈ ಡಬ್ಬಿಗೆ ಒಂದು ಕಿಟಕಿ ಅಂತ ಇದ್ದಿದ್ರೆ ಇಷ್ಟೆಲ್ಲ ಆಯ್ತಿತ್ತಾ ನಾಗಣ್ಣ?”

ನನಗೆ ನಾಚಿಕೆಯಾಯಿತು. ಅಂಥ ಕಿಟಕಿಯ ಚಿತ್ರವನ್ನು ತರಬೇತಿಯ ಪುಸ್ತಕದಲ್ಲೇ ನೋಡಿದ್ದೆ. ಮ್ಯಾಗಜೀನಿನ ಪಕ್ಕದಲ್ಲಿ ಸಾಲಾಗಿ ಸಣ್ಣ ತೂತುಗಳು. ಯಾವ ತೂತಿನಲ್ಲಿ ಹಿತ್ತಾಳೆ ಹೊಳೆಯುತ್ತದೋ ಅಲ್ಲಿಯವರೆಗೆ ಗುಂಡಿದೆ ಎಂದು ಅರ್ಥ. ಪರೀಕ್ಷೆಯಲ್ಲಿ ಅದರ ಬಗ್ಗೆ ಅರ್ಧ ಪುಟ ಬರೆದು ಪಾಸಾಗಿದ್ದೆ. ನಮ್ಮ ಹಳೆಯ ಮ್ಯಾಗಜೀನಿಗೂ ಅದನ್ನು ಮಾಡಬಹುದೆಂದು ಅಷ್ಟು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ.

ನನ್ನ ಮೇಲಧಿಕಾರಿ ಜಯಣ್ಣನವರು. ಒಳ್ಳೆಯವರೇ, ಕಾಗದ ಕಂಡರೆ ಮಾತ್ರ ಅವರಿಗೆ ಹಾವು ಕಂಡಂತೆ. ಮೂರು ಸಲ ಬರೆದುಕೊಟ್ಟೆ. ಮೂರು ಸಲವೂ “ನೋಡನ ಬಿಡಿ” ಎಂದು ಮೇಜಿನ ಖಾನೆಗೆ ಹಾಕಿದರು. ನಾಲ್ಕನೆಯ ಸಲ ಬಾಗಿಲು ಮುಚ್ಚಿಸಿ ಮೆಲ್ಲಗೆ, “ಒಂದು ಹತ್ತಕ್ಕೆ ಮಾಡಿ ನೋಡು. ನಾನು ಬಾಯಲ್ಲಿ ಹೇಳ್ದೆ, ಪೇಪರ್ ಮೇಲೆ ಹೇಳಿಲ್ಲ. ವ್ಯತ್ಯಾಸ ಗೊತ್ತಾಯ್ತಲ್ಲ?” ಎಂದರು. ಆಗ ಗೊತ್ತಾಗಲಿಲ್ಲ. ಆಮೇಲೆ ಗೊತ್ತಾಯಿತು.

ಹತ್ತು ಮ್ಯಾಗಜೀನು ಆರಿಸಿ, ಒಂದೊಂದಕ್ಕೂ ಎಡಕ್ಕೆ ಐದು, ಬಲಕ್ಕೆ ಐದು ತೂತು ಕೊರೆದೆ. ಗುಂಡುಗಳು ಎರಡು ಸಾಲಿನಲ್ಲಿ ಕೂರುವುದರಿಂದ ಒಂದು ಬದಿಗೆ ಬೆಸ, ಇನ್ನೊಂದು ಬದಿಗೆ ಸಮ. ಪಕ್ಕದಲ್ಲಿ ಸಂಖ್ಯೆ ಬರೆಯಲು ಸಣ್ಣ ಕುಂಚಕ್ಕೆ ಸರಿಹೋಗುವ ಬಣ್ಣ ಸಿಗಲಿಲ್ಲ. ನನ್ನ ಮಗಳ ಉಗುರುಬಣ್ಣ ತೆಗೆದುಕೊಂಡು ಹೋಗಿ ಕೆಂಪಗೆ ಬರೆದೆ. ಒಟ್ಟು ನೂರು ತೂತು. ಹತ್ತು ಮ್ಯಾಗಜೀನೂ ಹೊಸ ಮದುಮಕ್ಕಳಂತೆ ಕಾಣುತ್ತಿದ್ದವು. ನನಗೆ ಬಹಳ ಹೆಮ್ಮೆಯಾಯಿತು. ಈ ಕೆಲಸದಲ್ಲಿ ಹೆಮ್ಮೆಯಾದ ದಿನವೇ ಇನ್ನೊಮ್ಮೆ ಪರೀಕ್ಷೆ ಮಾಡಬೇಕು. ನಾನು ಮಾಡಲಿಲ್ಲ.

ಮುಂದಿನ ವಾರ ಮಧುಗಿರಿ ಬೆಟ್ಟದ ಆಚೆ ವಾರ್ಷಿಕ ಗುಂಡು ಹಾರಿಸುವ ಅಭ್ಯಾಸ. ಬಂದಿದ್ದ ಹಿರಿಯ ಅಧಿಕಾರಿಯ ಕೈಗೆ ನನ್ನ ಕೆಂಪು ಅಂಕಿಯ ಮ್ಯಾಗಜೀನನ್ನೇ ಕೊಟ್ಟೆ. ಅವರು ಗುರಿಯಿಟ್ಟು ಹೊಡೆದರು. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ‘ಟಕ್’ ಎಂದು ಬರೀ ಸದ್ದು. ಇನ್ನೊಂದು ಮ್ಯಾಗಜೀನು ಕೊಟ್ಟೆ. ಅದು ಎರಡಕ್ಕೇ ನಿಂತಿತು. ಅವರು ಮ್ಯಾಗಜೀನು ತೆಗೆದು ತಿರುಗಿಸಿ ನೋಡಿದರು. ತೂತುಗಳಲ್ಲಿ ಹಿತ್ತಾಳೆ ಪಳಪಳ ಹೊಳೆಯುತ್ತಿತ್ತು.

“ಗುಂಡು ಇದೆ ಅಂತ ತೂತು ಹೇಳ್ತಿದೆ, ಇಲ್ಲ ಅಂತ ಪಿಸ್ತೂಲು ಹೇಳ್ತಿದೆ. ನಾನು ಯಾರನ್ನ ನಂಬಲಿ?” ಎಂದರು.

ಸಾಲಿನಲ್ಲಿ ನಿಂತಿದ್ದವರಲ್ಲಿ ಯಾರೋ ನಕ್ಕರು. ಆ ಅಧಿಕಾರಿ ನಗಲಿಲ್ಲ. “ಇದಕ್ಕೆ ತೂತು ಹಾಕೋಕೆ ಯಾರು ಹೇಳಿದ್ದು?”

ನಾನು ಜಯಣ್ಣನವರತ್ತ ನೋಡಿದೆ. ಜಯಣ್ಣನವರು ಬೆಟ್ಟದ ಕಡೆ ನೋಡುತ್ತಿದ್ದರು. ಅಷ್ಟು ಭಕ್ತಿಯಿಂದ ಅವರು ಬೆಟ್ಟ ನೋಡಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ನಾಲ್ಕನೆಯ ದಿನಕ್ಕೆ ಮೆಮೋ ಬಂತು. ‘ಸರ್ಕಾರಿ ಸ್ವತ್ತಾದ ಹತ್ತು ಮ್ಯಾಗಜೀನುಗಳಲ್ಲಿ ಒಟ್ಟು ನೂರು ರಂಧ್ರಗಳನ್ನು ಅನುಮತಿಯಿಲ್ಲದೆ ಕೊರೆದಿರುವುದು ನಿಜವೇ? ನಿಜವಾದಲ್ಲಿ, ಹಾಗೆ ಕೊರೆದು ತೆಗೆದ ಲೋಹವನ್ನು ಎಲ್ಲಿ ಇಟ್ಟಿದ್ದೀರಿ?’ ಮೊದಲ ಪ್ರಶ್ನೆಗೆ ನಿಜವೆಂದು ಬರೆದೆ. ಲೋಹದ ಪುಡಿಯನ್ನು ಆಗಲೇ ಪೊರಕೆಯಲ್ಲಿ ಗುಡಿಸಿ ಎಸೆದಿದ್ದೆ. ವರ್ಕ್‌ಶಾಪಿನ ಮೂಲೆಯಲ್ಲಿ ಅಯಸ್ಕಾಂತ ಹಿಡಿದು ತಡಕಾಡಿ, ಸಿಕ್ಕಷ್ಟು ಪುಡಿಯನ್ನು ಬೆಂಕಿಪೊಟ್ಟಣಕ್ಕೆ ತುಂಬಿ, ಅರಗು ಹಾಕಿ ಉತ್ತರಕ್ಕೆ ಲಗತ್ತಿಸಿದೆ. ಇಲಾಖಾ ವಿಚಾರಣೆ ಶುರುವಾಯಿತು. ತಮಾಷೆಯಾಗಿ ಹೇಳುತ್ತಿದ್ದೇನೆ, ಆದರೆ ಆ ದಿನಗಳಲ್ಲಿ ಊಟ ಸೇರುತ್ತಿರಲಿಲ್ಲ. ನಿವೃತ್ತಿಗೆ ಎರಡು ವರ್ಷವಿತ್ತು. ಮೂವತ್ತು ವರ್ಷ ಒಂದು ಕಪ್ಪು ಚುಕ್ಕೆಯಿಲ್ಲದೆ ದುಡಿದು, ಈಗ ಒಮ್ಮೆಗೇ ನೂರು.

ಪಿಸ್ತೂಲು ಯಾಕೆ ನಿಂತಿತು ಎಂಬುದೇ ನನ್ನನ್ನು ಹೆಚ್ಚು ಕಾಡುತ್ತಿದ್ದುದು. ಶಿರಾದ ಪೇಟೆಯಲ್ಲಿ ತಗಡಿಗೆ ತೂತು ಹೊಡೆದು ರಾಗಿ ಜರಡಿ ಮಾಡುವ ಬಾಷಾಸಾಬರು ಎಂಬ ಹಿರಿಯರಿದ್ದರು. ಮ್ಯಾಗಜೀನು ಹೊರಗೆ ಒಯ್ಯುವಂತಿರಲಿಲ್ಲ. ಅದೇ ಡ್ರಿಲ್ಲಿನಲ್ಲಿ ಕೊರೆದ ಒಂದು ತಗಡಿನ ತುಂಡನ್ನು ಅವರ ಮುಂದಿಟ್ಟೆ.

ಅವರು ಕಣ್ಣಿಂದ ನೋಡಲೇ ಇಲ್ಲ. ತಗಡನ್ನು ತಿರುವಿ, ಹಿಂಬದಿಯಲ್ಲಿ ಹೆಬ್ಬೆರಳು ಆಡಿಸಿದರು. “ಅರೆ ಸಾಬ್, ಇಲ್ಲಿ ಮುಟ್ಟಿ. ಹಲ್ಲು ಎದ್ದೈತೆ.”

ಮುಟ್ಟಿದೆ. ಚುಚ್ಚಿತು. ಡ್ರಿಲ್ಲು ಆಚೆ ಹೊರಬೀಳುವಾಗ ತೂತಿನ ಸುತ್ತ ತಗಡು ಮುಳ್ಳಿನಂತೆ ಎದ್ದಿತ್ತು. ಮ್ಯಾಗಜೀನಿನ ಒಳಗೂ ಅದೇ ಆಗಿ, ಹಲ್ಲೆ ಆ ಮುಳ್ಳುಗಳಿಗೆ ಸಿಕ್ಕಿಕೊಳ್ಳುತ್ತಿತ್ತು.

“ಕಾಣೋ ಕಡೆ ಎಲ್ರೂ ನುಣ್ಣಗೆ ಮಾಡ್ತಾರೆ ಸಾಬ್” ಎಂದರು ಬಾಷಾಸಾಬರು. “ರಾಗಿ ಹರಿಯೋದು ಒಳಗಡೆ. ಒಳಗೆ ಗಟ್ಟಿ ಮರ ಕೊಟ್ಟು ಕೊರೀರಿ, ಆಮೇಲೆ ಉಜ್ಜಿ. ನಮ್ಮಪ್ಪ ಇದಕ್ಕೇ ನನ್ ಕಿವಿ ಹಿಂಡಿದ್ದ.”

ಮೂವತ್ತು ವರ್ಷದ ಅನುಭವಿ ಎಂದು ಬೀಗುತ್ತಿದ್ದ ನಾನು ಜರಡಿ ಅಂಗಡಿಯ ಮೆಟ್ಟಿಲ ಮೇಲೆ ಕೂತು ಪಾಠ ಹೇಳಿಸಿಕೊಂಡೆ. ಮೆಮೋದಲ್ಲಿ ಹೊಸದಾಗಿ ಕೊರೆಯಬಾರದು ಎಂದಿತ್ತೇ ಹೊರತು ಇದ್ದದ್ದನ್ನು ಸರಿಮಾಡಬಾರದು ಎಂದಿರಲಿಲ್ಲ. ನೂರು ತೂತಿನ ಒಳಬದಿಯನ್ನೂ ಒಂದೊಂದಾಗಿ ಉಜ್ಜಿ ನುಣುಪು ಮಾಡಿದೆ. ಹತ್ತು ಮ್ಯಾಗಜೀನೂ ನೀರು ಹರಿದಂತೆ ನಡೆದವು. ಹನುಮಕ್ಕನದೂ ಸೇರಿ ಆಯಾ ಠಾಣೆಗಳಿಗೆ ಮರಳಿಸಿದೆ.

ಅಷ್ಟರಲ್ಲಿ ಓಬಳೇಶನ ಫೋನು. ಅವನನ್ನು ಬಲಸಮುದ್ರದ ಕಡೆ ಬಂದೋಬಸ್ತಿಗೆ ಹಾಕಿದ್ದರು. ತಗಡಿನ ಶೀಟಿನ ಕೋಣೆ. “ಸಾರ್, ಖಾಲಿ ಮ್ಯಾಗಜೀನ್ ಒಂದು ಬೀಗ ಹಾಕಿ ಇಟ್ಟಿದ್ದೆ. ಈಗ ನೋಡಿದ್ರೆ ಅನ್ನೀ ಫುಲ್ ಸಾರ್! ಹತ್ತು ತೂತ್ನಾಗೂ ಗುಂಡು ಕಾಣ್ತೈತೆ!”

“ಗುಂಡೇನು ಮರಿ ಹಾಕ್ತದೇನಯ್ಯಾ?”

“ಅದೇ ನಂಗೂ ಭಯ ಸಾರ್. ಕಮ್ಮಿಯಾದ್ರೆ ಸಸ್ಪೆಂಡು. ಜಾಸ್ತಿಯಾದ್ರೆ ಏನು ಸಾರ್?”

ಮೂವತ್ತು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಮೊದಲ ಬಸ್ಸು ಹಿಡಿದು ಹೋದೆ. ತೂತುಗಳಲ್ಲಿ ಕಂದು ಬಣ್ಣದ್ದೇನೋ ತುಂಬಿಕೊಂಡಿದ್ದು ನಿಜ. ಬೀಗ ಹಾಕಿದ್ದ ಪೆಟ್ಟಿಗೆಯ ಮೂಲೆಯಲ್ಲಿ ಒಂದು ಬಿರುಕಿತ್ತು. ನಾನು ನೋಡುತ್ತಿರುವಾಗಲೇ ಆ ಬಿರುಕಿನಿಂದ ಮಣ್ಣಿನ ಗೂಡು ಕಟ್ಟುವ ಕುಂಬಾರ ಹುಳವೊಂದು ಹೊರಟು, ಗುಂಯ್ ಎಂದು ಓಬಳೇಶನ ಕಿವಿಯ ಪಕ್ಕ ಹಾರಿಹೋಯಿತು. ಮ್ಯಾಗಜೀನು ಬಿಚ್ಚಿದರೆ ಒಳಗೆ ಅಚ್ಚುಕಟ್ಟಾದ ಮಣ್ಣಿನ ಗೂಡು, ಗೂಡಿನಲ್ಲಿ ಮರಿಗಳಿಗೆಂದು ಕೂಡಿಟ್ಟ ಎಳೆ ಹಸಿರು ಹುಳುಗಳು. ಅದು ಹತ್ತು ತೂತನ್ನೂ ನನಗಿಂತ ನಾಜೂಕಾಗಿ ಮುಚ್ಚಿತ್ತು.

ಈ ಸುದ್ದಿಯೂ ಫೈಲಿಗೆ ಸೇರಿತು. ‘ಸದರಿ ರಂಧ್ರಗಳಿಂದಾಗಿ ಕೀಟಗಳ ಪ್ರವೇಶ’ ಎಂಬುದು ಎರಡನೆಯ ಆರೋಪ.

ವಿಚಾರಣೆ ಕೊರಟಗೆರೆಯ ಒಂದು ಅತಿಥಿಗೃಹದಲ್ಲಿ ನಡೆಯಿತು. ವಿಚಾರಣಾಧಿಕಾರಿ ಹೊರಜಿಲ್ಲೆಯವರು, ಗತ್ತಿನ ಮನುಷ್ಯ. ಟೈಪ್ ಮಾಡಲು ಒಬ್ಬ ಗುಮಾಸ್ತ. ಸಾಕ್ಷಿ ಹೇಳಲು ಹನುಮಕ್ಕ ತಾವಾಗಿಯೇ ಬಂದಿದ್ದರು.

“ಈ ಕೆಂಪು ಬಣ್ಣ ಯಾವ ಸರ್ಕಾರಿ ಸಾಮಗ್ರಿ?” ಎಂದರು ಅಧಿಕಾರಿ.

“ನನ್ನ ಮಗಳದು ಸಾರ್. ಉಗುರಿಗೆ ಹಚ್ಚೋದು.”

ಗುಮಾಸ್ತ ಅದನ್ನೂ ಟೈಪ್ ಮಾಡಿದ. ಜಯಣ್ಣನವರ ಲಿಖಿತ ಹೇಳಿಕೆಯನ್ನು ಅಧಿಕಾರಿಯೇ ಓದಿ ಹೇಳಿದರು. ಒಂದೇ ಸಾಲು: ‘ನನಗೆ ನೆನಪಿಲ್ಲ.’ ಆಮೇಲೆ ಹನುಮಕ್ಕನ ಸರದಿ.

“ಇದರಿಂದ ನಿಮಗೇನಮ್ಮ ಅನುಕೂಲ?”

“ಬೆಳಗ್ಗೆ ಒಂದು ಗಂಟೆ ಕೆಲ್ಸ ಎಲ್ಡು ನಿಮಿಷಕ್ಕೆ ಮುಗೀತದೆ ಸಾರ್. ಬೇಕಾದ್ರೆ ತಾವೇ ತುಂಬಿ ಕೊಡಿ, ಹೇಳ್ತೀನಿ.”

ಅಧಿಕಾರಿ ಆಚೆ ತಿರುಗಿ, ಪರೀಕ್ಷೆಗೆಂದು ತಂದಿದ್ದ ಮದ್ದಿಲ್ಲದ ಡಮ್ಮಿ ಗುಂಡುಗಳನ್ನು ತುಂಬಿ ಕೊಟ್ಟರು. ಹನುಮಕ್ಕ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ, “ಏಳು” ಎಂದರು. ಮತ್ತೆ ತುಂಬಿದರು. “ಮೂರು.” ಮೂರನೆಯ ಸಲ ಅಧಿಕಾರಿ ಏನೂ ತುಂಬದೆ ಕೊಟ್ಟರು. “ತಮಾಷೆ ಮಾಡ್ಬೇಡಿ ಸಾರ್” ಎಂದರು ಹನುಮಕ್ಕ.

ಅಧಿಕಾರಿಗೆ ಸ್ವಲ್ಪ ಮುಖಭಂಗವಾಯಿತು. ಸೊಂಟದ ಹೊಸ ಪಿಸ್ತೂಲಿನ ಮ್ಯಾಗಜೀನು ತೆಗೆದು ಮೇಜಿನ ಮೇಲಿಟ್ಟು, “ನೋಡಿ, ಇದು ಈಚಿನದು. ಒಂದು ವರ್ಷದಿಂದ ನನ್ನ ಹತ್ತಿರ ಇದೆ. ಯಾವ ತೂತೂ ಇಲ್ಲದೆ ಲಕ್ಷಣವಾಗಿದೆ. ಕಂಪನಿಯವರಿಗೆ ಗೊತ್ತಿಲ್ಲದ್ದು ನಿಮಗೆ ಗೊತ್ತಾ?” ಎಂದು ನನ್ನನ್ನು ಕೇಳಿದರು.

ಹನುಮಕ್ಕ ಮೇಜಿನ ಆಚೆ ಬದಿಯಲ್ಲಿದ್ದರು. “ಸಾರ್, ನನ್ ಕಡೆ ತೂತವೆ” ಎಂದರು.

ಅಧಿಕಾರಿ ಮ್ಯಾಗಜೀನನ್ನು ತಮ್ಮತ್ತ ತಿರುಗಿಸಿಕೊಂಡರು. ಬೆನ್ನಿನುದ್ದಕ್ಕೂ ಸಾಲಾಗಿ ತೂತುಗಳು, ಪಕ್ಕದಲ್ಲಿ ಅಚ್ಚಿನ ಅಂಕಿಗಳು. ಕಾರ್ಖಾನೆಯಿಂದಲೇ ಬಂದವು. ವರ್ಷವಿಡೀ ಸೊಂಟದಲ್ಲಿದ್ದರೂ ಅವರು ಅದನ್ನು ಒಮ್ಮೆಯೂ ನೋಡಿರಲಿಲ್ಲ.

ಅಲ್ಲಿಗೆ ನಿಲ್ಲಬಹುದಿತ್ತು. ಆದರೆ ಹನುಮಕ್ಕನಿಗೆ ಎಣಿಸುವುದು ಅಭ್ಯಾಸ. ಬಗ್ಗಿ ನೋಡಿ, ನಿಜವಾದ ಕಾಳಜಿಯಿಂದಲೇ, “ಒಂದ್ರಾಗೂ ಹಿತ್ತಾಳೆ ಕಾಣಂಗಿಲ್ವಲ್ಲ ಸಾರ್... ಖಾಲಿನಾ?” ಎಂದರು.

ಗುಮಾಸ್ತನ ಬೆರಳುಗಳು ಕೀಲಿಮಣೆಯ ಮೇಲೆ ನಿಂತವು. “ಸಾರ್, ಇದನ್ನೂ ಟೈಪ್ ಮಾಡ್ಲಾ?”

ಅಧಿಕಾರಿ ಮ್ಯಾಗಜೀನನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡರು. ತುಂಬಿದರೆ ಭಾರ, ಜೀಪಿನಲ್ಲಿ ಕೂತರೆ ಪಕ್ಕೆಗೆ ಒತ್ತುತ್ತದೆ, ಅದಕ್ಕೇ ಗುಂಡೆಲ್ಲ ಆಫೀಸಿನ ಬೀರುವಿನಲ್ಲಿವೆ ಎಂದು ಗೊಣಗಿದರು. ಆಮೇಲೆ ತಾವೇ ಮೊದಲು ನಕ್ಕುಬಿಟ್ಟರು. “ಬೇಡ ಕಣಯ್ಯಾ. ಟೀ ಹೇಳು, ನಾಲ್ಕು” ಎಂದರು.

ವರದಿಯಲ್ಲಿ ‘ಸದರಿ ರಂಧ್ರಗಳಿಂದ ಇಲಾಖೆಗೆ ನಷ್ಟವಾಗಿರುವುದಿಲ್ಲ, ಅನುಕೂಲವಾಗಿರುತ್ತದೆ’ ಎಂದು ಬರೆದರು. ಮುಂದೆ ಅನುಮತಿಯಿಲ್ಲದೆ ಕೊರೆಯಬಾರದೆಂದು ನನಗೊಂದು ಎಚ್ಚರಿಕೆ. ಅದು ನ್ಯಾಯವೇ. ಸರ್ಕಾರಿ ಆಯುಧಕ್ಕೆ ಕೈ ಹಚ್ಚುವ ಮುನ್ನ ಕಾಗದ ಕೈಯಲ್ಲಿರಬೇಕು, ಇದನ್ನು ಹೊಸಬರು ನನ್ನನ್ನು ನೋಡಿ ಕಲಿಯಲಿ. ಜಯಣ್ಣನವರಿಗೆ ಆ ವಾರವೇ ನೆನಪು ಮರಳಿತು. “ಐಡಿಯಾ ನಂದೇ ಅಲ್ವೇನಯ್ಯಾ” ಎಂದು ಎಲ್ಲರ ಮುಂದೆ ನನ್ನ ಬೆನ್ನು ತಟ್ಟಿದರು. ಉಳಿದ ಮ್ಯಾಗಜೀನುಗಳಿಗೂ ಕೊರೆಯಬಹುದೆಂಬ ಆದೇಶ ಬರುವಷ್ಟರಲ್ಲಿ ಹೊಸ ಪಿಸ್ತೂಲುಗಳು ಬಂದು, ಹಳೆಯವು ಎಲ್ಲವೂ ಡಿಪೋಗೆ ಹಿಂದಿರುಗಿದ್ದವು. ಒಂದೇ ಒಂದು ತೂತು ಹೆಚ್ಚಿಗೆ ಕೊರೆಯುವ ಅವಕಾಶ ನನಗೆ ಸಿಗಲಿಲ್ಲ.

ವಿಚಾರಣೆ ಮುಗಿದ ಆ ಮಧ್ಯಾಹ್ನ ಹನುಮಕ್ಕನೂ ನಾನೂ ಕೊರಟಗೆರೆ ಬಸ್ ಸ್ಟ್ಯಾಂಡಿಗೆ ನಡೆದು ಬಂದೆವು. ನಗು ತಡೆಯಲಾರದೆ ಇಬ್ಬರೂ ಎರಡು ಸಲ ರಸ್ತೆಯಲ್ಲೇ ನಿಂತೆವು. ಬಸ್ಸಿಗೆ ಕಾಯುವಾಗ ಅವರು ಅಂಗಿಯ ಮೇಲಿನ ಧೂಳು ಒರೆಸಿಕೊಂಡರು.

“ಗುಂಡು ಕಳೆದಿತ್ತಲ್ಲ ನಾಗಣ್ಣ, ಆ ಎಲ್ಡು ದಿನ ನಾನು ಯೂನಿಫಾರ್ಮ್‌ಗೆ ಇಸ್ತ್ರಿನೇ ಹಾಕ್ಲಿಲ್ಲ. ಹೆಂಗಿದ್ರೂ ಬಿಚ್ಚಿ ಕೊಡೋದೇ ಅಲ್ವಾ ಅಂತ. ನಮ್ ವಂಶದಾಗೆ ಈ ಬಟ್ಟೆ ಹಾಕ್ದೋಳು ನಾನೊಬ್ಳೇ ಕಣಣ್ಣ.”

ನಾನು ಅವರತ್ತ ನೋಡಿದೆ. ಅವತ್ತು ಅವರ ಖಾಕಿ ಗರಿಗರಿಯಾಗಿತ್ತು. ತೋಳಿನ ಮಡಿಕೆ ಚಾಕುವಿನ ಅಲಗಿನಂತೆ ನಿಂತಿತ್ತು. ನನ್ನ ಪರ ಸಾಕ್ಷಿ ಹೇಳಲೆಂದು ಬೆಳಿಗ್ಗೆ ಎದ್ದು ತಾವೇ ಇಸ್ತ್ರಿ ಹಾಕಿದ್ದರಂತೆ, ಎರಡು ಸಲ.

ಬಸ್ಸು ಬಂತು. ಅರ್ಧಕ್ಕರ್ಧ ಖಾಲಿ ಇತ್ತು. ನಾನು ಕಿಟಕಿಯ ಪಕ್ಕ ಕೂತು ಜಾಗ ತೋರಿಸಿದೆ. ಹನುಮಕ್ಕ ತಲೆಯಾಡಿಸಿ, ಮೇಲಿನ ಸರಳು ಹಿಡಿದು ನಿಂತರು. ಕೂತರೆ ಇಸ್ತ್ರಿ ಮುದುರುತ್ತದೆಂದು ಮಧುಗಿರಿಯವರೆಗೂ ನಿಂತೇ ಬಂದರು.